ಪಿಎಸ್‌ಪಿಗೆ ಹಳೆಯ ಆಟ, ಹಳೆಯ ಸೇವ್ ಮರಳಿ ತುಂಬಿಸುವ ಬಗೆ

ಗಲ್ಫಿನಿಂದ ಬರುವಾಗ ಮಾವನೋ ಅಣ್ಣನೋ ತಂದುಕೊಟ್ಟ, ಕೈಯಲ್ಲಿ ಹಿಡಿದು ಆಡುವ ಸೋನಿ ಕಂಪನಿಯ ಆಟದ ಯಂತ್ರ ಪಿಎಸ್‌ಪಿ ಕುಂಬಳೆ, ಉಪ್ಪಳ, ಬದಿಯಡ್ಕದ ಕಡೆ ಎಷ್ಟೋ ಮನೆಗಳ ಕಪಾಟಿನಲ್ಲಿ ಇವತ್ತಿಗೂ ಇದೆ. ಮೊದಲ 1000 ಮಾಡೆಲ್ ಇರಲಿ, 2007ರ 2000 ಇರಲಿ, 2008ರ 3000 ಇರಲಿ, ಯಂತ್ರ ಗಟ್ಟಿ. ಕೈಕೊಡುವುದು ಬ್ಯಾಟರಿ, ಅದರ ಬೆನ್ನಿಗೇ ಫೈಲುಗಳನ್ನು ಇಡುವ ಕಾರ್ಡಾದ ಮೆಮೊರಿ ಸ್ಟಿಕ್. ಸ್ಟಿಕ್ ಬದಲಿಸುವಾಗ ಹೆಚ್ಚಿನವರು ದೊಡ್ಡ ದೊಡ್ಡ ಆಟದ ಫೈಲುಗಳನ್ನು ಜೋಪಾನ ಮಾಡಿ ಪುಟ್ಟ ಸೇವ್ ಫೋಲ್ಡರನ್ನು, ಅಂದರೆ ಆಟದಲ್ಲಿ ಎಲ್ಲಿಯವರೆಗೆ ಬಂದಿದ್ದೇವೆ ಎಂಬ ದಾಖಲೆಯನ್ನು, ಮರೆತುಬಿಡುತ್ತಾರೆ. ಡಿಸ್ಕ್ ಇದ್ದರೆ ಆಟ ಮತ್ತೆ ಸಿಗುತ್ತದೆ. ತಿಂಗಳುಗಟ್ಟಲೆ ಆಡಿದ ಸೇವ್ ಇರುವುದು ಆ ಒಂದು ಸ್ಟಿಕ್‌ನಲ್ಲಿ ಮಾತ್ರ. ಅದಕ್ಕೇ ಇಲ್ಲಿ ಸೇವ್‌ಗೆ ಹೆಚ್ಚು ಜಾಗ ಕೊಟ್ಟಿದೆ.

ಫೋಲ್ಡರ್ ಮತ್ತು ಮೆನು ಹೆಸರುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದೆ. ಕಂಪ್ಯೂಟರಿನಲ್ಲಿ ಫೋಲ್ಡರ್ ಹೆಸರುಗಳು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಕಾಣುತ್ತವೆ, ಅವನ್ನು ಹಾಗೆಯೇ ಬಿಡಿ. ಒಂದಕ್ಷರ ಬದಲಾದರೂ ಪಿಎಸ್‌ಪಿ ಗುರುತಿಸುವುದಿಲ್ಲ.

ಮೊದಲು ಕೈಗೆತ್ತಿಕೊಳ್ಳಬೇಕಾದ್ದು

1000, 2000, 3000 ಮಾಡೆಲ್‌ಗಳಿಗೆ ಮಿನಿ ಯುಎಸ್‌ಬಿ ಕೇಬಲ್ ಬೇಕು. ಈಗಿನ ಫೋನಿನ ಕೇಬಲ್ ಹಿಡಿಸುವುದಿಲ್ಲ. ಹಳೆಯ ಡಿಜಿಟಲ್ ಕ್ಯಾಮೆರಾ ಅಥವಾ ಹಳೆಯ ಹಾರ್ಡ್ ಡಿಸ್ಕ್ ಜೊತೆ ಬಂದ ಕೇಬಲ್ ಮನೆಯಲ್ಲೇ ಎಲ್ಲಾದರೂ ಬಿದ್ದಿರುತ್ತದೆ, ಹುಡುಕಿ. ಪಿಎಸ್‌ಪಿ ಗೋ ಎಂಬ ಇನ್ನೊಂದು ಮಾಡೆಲ್‌ನ ಕೇಬಲ್ ಮಾತ್ರ ಅದರದ್ದೇ ಬೇರೆ. ಗೋದಲ್ಲಿ 16 ಜಿಬಿ ಒಳಗೇ ಇದೆ, ಫೋಲ್ಡರ್‌ಗಳ ಕ್ರಮ ಮಾತ್ರ ಇದೇ.

ಕೇಬಲ್‌ಗಿಂತ ಕಾರ್ಡ್ ರೀಡರ್ ಮೇಲು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳಲು ಬರುವುದಿಲ್ಲ. ಬ್ಯಾಟರಿ ಸತ್ತ ಪಿಎಸ್‌ಪಿಯನ್ನು ಚಾರ್ಜರ್ ಬಲದಲ್ಲಿ ಮಾತ್ರ ಓಡಿಸುತ್ತಾ ಕಾಪಿ ಮಾಡುವಾಗ ಕರೆಂಟ್ ಹೋದರೆ, ಬರೆಯುತ್ತಿದ್ದ ಫೈಲಷ್ಟೇ ಅಲ್ಲ, ಸ್ಟಿಕ್‌ನ ಫೈಲ್ ಪಟ್ಟಿಯೇ ಕೆಡಬಹುದು. ರೀಡರ್ ಆದರೆ ಲ್ಯಾಪ್‌ಟಾಪ್ ಬ್ಯಾಟರಿ ಇರುವವರೆಗೆ ಆ ಭಯವಿಲ್ಲ.

ಕಂಪ್ಯೂಟರ್ ಇಲ್ಲದವರು ಪೇಟೆಯ ಡಿಟಿಪಿ ಅಂಗಡಿಗೆ ಸ್ಟಿಕ್ ಕೊಂಡೊಯ್ಯುವುದುಂಟು. ದಿನವಿಡೀ ಊರವರ ಪೆನ್‌ಡ್ರೈವ್‌ಗಳೆಲ್ಲ ಚುಚ್ಚಿಸಿಕೊಳ್ಳುವ ಕಂಪ್ಯೂಟರ್ ಅದು. ಶಾರ್ಟ್‌ಕಟ್ ವೈರಸ್ ಅಂಟಿದರೆ ಫೋಲ್ಡರ್‌ಗಳೆಲ್ಲ ಅಡಗಿ ಅವುಗಳ ಜಾಗದಲ್ಲಿ ಬಾಣದ ಗುರುತಿನ ಐಕಾನ್‌ಗಳು ಬರುತ್ತವೆ. ಹಾಗಾಗಿದ್ದರೆ ಗಾಬರಿಯಾಗಿ ಫಾರ್ಮ್ಯಾಟ್ ಮಾಡಬೇಡಿ, ಐಕಾನ್ ಮೇಲೆ ಒತ್ತಲೂಬೇಡಿ. ವೈರಸ್ ಇಲ್ಲದ ಕಂಪ್ಯೂಟರಿನಲ್ಲಿ ಅಡಗಿದ ಫೈಲುಗಳನ್ನು ತೋರಿಸುವ ಆಯ್ಕೆ ಹಾಕಿ, ಸಿಸ್ಟಂ ಫೈಲುಗಳನ್ನು ಅಡಗಿಸುವ ಆಯ್ಕೆ ತೆಗೆಯಿರಿ. ನಿಜವಾದ ಫೋಲ್ಡರ್ ಅಲ್ಲೇ ಇರುತ್ತದೆ, ಕಾಪಿ ಮಾಡಿಕೊಳ್ಳಿ. ಅಂಗಡಿಗಿಂತ ಫೋನ್ ವಾಸಿ. ನೇರ ಫೋನಿಗೇ ಸಿಕ್ಕಿಸುವ ಓಟಿಜಿ ಕಾರ್ಡ್ ರೀಡರ್ ಒಂದಿದ್ದರೆ ಫೋನಿನ ಫೈಲ್ ಮ್ಯಾನೇಜರಿನಿಂದಲೇ ಎಲ್ಲ ಆಗುತ್ತದೆ. ಫೋನ್ 'ಈ ಕಾರ್ಡನ್ನು ಫಾರ್ಮ್ಯಾಟ್ ಮಾಡಲೇ' ಎಂದು ಕೇಳಿದರೆ ಮಾತ್ರ ಬೇಡ ಎನ್ನಿ. ಅದು ತನ್ನಷ್ಟಕ್ಕೆ ಮಾಡಿಡುವ ಒಂದೆರಡು ಖಾಲಿ ಫೋಲ್ಡರ್‌ಗಳಿಂದ ತೊಂದರೆಯಿಲ್ಲ.

ಯಾವ ಫೋಲ್ಡರಿನಲ್ಲಿ ಏನಿದೆ

ಸ್ಟಿಕ್ ತೆರೆದಾಗ ಮೊದಲು ಕಾಣುವುದು 'ಪಿಎಸ್‌ಪಿ' ಎಂಬ ಫೋಲ್ಡರ್. ಅದರೊಳಗೆ ಮುಖ್ಯವಾದವು ಮೂರು. 'ಗೇಮ್' ಫೋಲ್ಡರಿನಲ್ಲಿ ಸೋನಿಯ ಆನ್‌ಲೈನ್ ಸ್ಟೋರ್‌ನಿಂದ ಇಳಿಸಿಕೊಂಡ ಆಟಗಳು, ಆಟದ ಅಪ್‌ಡೇಟ್‌ಗಳು, ಹೆಚ್ಚುವರಿ ಕಂಟೆಂಟ್ ಇರುತ್ತವೆ. 'ಸೇವ್‌ಡೇಟಾ'ದಲ್ಲಿ ಸೇವ್‌ಗಳು. 'ಲೈಸೆನ್ಸ್'ನಲ್ಲಿ ಕೊಂಡ ಆಟಗಳ ಪರವಾನಗಿ ಫೈಲುಗಳು. ಈ ಮೂರನೆಯದನ್ನು ಬಿಟ್ಟು ಬ್ಯಾಕಪ್ ಮಾಡಿದರೆ ಕೊಂಡ ಆಟದ ಐಕಾನ್ ಕಾಣುತ್ತದೆ, ಆಟ ತೆರೆಯುವುದಿಲ್ಲ.

ಕಸ್ಟಮ್ ಫರ್ಮ್‌ವೇರ್ (ಸೋನಿಯದ್ದಲ್ಲದ, ಹೊರಗಿನವರು ಮಾರ್ಪಡಿಸಿದ ಸಿಸ್ಟಂ ತಂತ್ರಾಂಶ) ಹಾಕಿಕೊಂಡು ಸ್ವಂತ ಯುಎಂಡಿ, ಅಂದರೆ ಪಿಎಸ್‌ಪಿ ಆಟದ, ಡಿಸ್ಕ್‌ಗಳ ಪ್ರತಿ ಇಟ್ಟುಕೊಂಡವರಿಗೆ 'ಐಎಸ್‌ಒ' ಎಂಬ ಇನ್ನೊಂದು ಫೋಲ್ಡರ್ ಇರುತ್ತದೆ. ಅದು 'ಪಿಎಸ್‌ಪಿ' ಫೋಲ್ಡರಿನ ಒಳಗಲ್ಲ, ಅದರ ಪಕ್ಕದಲ್ಲಿ, ಸ್ಟಿಕ್‌ನ ಮೊದಲ ಪುಟದಲ್ಲೇ ಇರಬೇಕು. ಪ್ಲಗಿನ್ ಎಂಬ ಪುಟ್ಟ ಹೆಚ್ಚುವರಿ ತಂತ್ರಾಂಶ ಬಳಸುವವರಿಗೆ 'ಸೆಪ್ಲಗಿನ್ಸ್' ಫೋಲ್ಡರ್ ಕೂಡ ಅಲ್ಲೇ.

ಇಲ್ಲಿ ಒಂದು ಕಡೆ ಎಡವುವವರು ಬಹಳ. ಆರ್ಕ್-4 ಎಂಬ ಕಸ್ಟಮ್ ಫರ್ಮ್‌ವೇರ್ ತನ್ನ ಫೈಲುಗಳನ್ನು ಸೇವ್‌ಡೇಟಾದ ಒಳಗೇ, 'ಆರ್ಕ್_01234' ಎಂಬ ಫೋಲ್ಡರಿನಲ್ಲಿ ಇಡುತ್ತದೆ. ಯಾವ ಆಟದ್ದೂ ಅಲ್ಲ, ಹಳೆಯ ಕಸ ಇರಬೇಕು ಎಂದು ಅಳಿಸಿದರೆ ಫರ್ಮ್‌ವೇರ್ ಏಳುವುದಿಲ್ಲ. ಪ್ರೋ ಎಂಬ ಫರ್ಮ್‌ವೇರ್ ಇದ್ದವರು 'ಗೇಮ್' ಫೋಲ್ಡರಿನಲ್ಲಿರುವ ಫಾಸ್ಟ್ ರಿಕವರಿ ಫೋಲ್ಡರನ್ನು ಕಾಪಾಡಿಕೊಳ್ಳಬೇಕು.

ಸೇವ್ ಫೋಲ್ಡರ್ ಒಂದನ್ನು ಬಿಡಿಸಿ ನೋಡೋಣ

ಪ್ರತಿ ಸೇವ್ ಒಂದು ಫೋಲ್ಡರ್. ಅದರ ಹೆಸರಿನ ಮೊದಲ ಒಂಬತ್ತು ಅಕ್ಷರ ಆಟದ ಐಡಿ: ನಾಲ್ಕು ಅಕ್ಷರ, ಐದು ಅಂಕಿ. ಯುರೋಪಿನ ಜಿಟಿಎ ಲಿಬರ್ಟಿ ಸಿಟಿ ಸ್ಟೋರೀಸ್ ಡಿಸ್ಕ್‌ನ ಐಡಿ ಯುಎಲ್‌ಇಎಸ್00151, ಅಮೆರಿಕದ್ದು ಯುಎಲ್‌ಯುಎಸ್10041. ಐಡಿಯ ನಂತರ ಎಸ್0 ಎಂಬಂಥ ಬಾಲ ಇದ್ದರೆ ಅದು ಸೇವ್ ಸ್ಲಾಟ್‌ನ, ಅಂದರೆ ಒಂದೇ ಆಟದ ಬೇರೆ ಬೇರೆ ಸೇವ್ ಇಡುವ ಖಾನೆಯ, ಗುರುತು. ಕೆಲವು ಆಟ ಒಂದೇ ಫೋಲ್ಡರಿನಲ್ಲಿ ಎಲ್ಲವನ್ನೂ ಇಡುತ್ತದೆ, ಕೆಲವು ಸ್ಲಾಟ್‌ಗೊಂದು ಫೋಲ್ಡರ್ ಮಾಡುತ್ತವೆ, ಸೆಟ್ಟಿಂಗ್‌ಗೇ ಬೇರೆಯದನ್ನು ಮಾಡುವವೂ ಇವೆ. ಆದ್ದರಿಂದ ಒಂದು ಆಟದ ಸೇವ್ ಬೇಕೆಂದರೆ ಆ ಒಂಬತ್ತು ಅಕ್ಷರದಿಂದ ಶುರುವಾಗುವ ಎಲ್ಲ ಫೋಲ್ಡರ್‌ಗಳನ್ನೂ ಎತ್ತಿಕೊಳ್ಳಿ.

ಐಡಿಯ ಮೂರನೆಯ ಅಕ್ಷರ ಪ್ರದೇಶ ಹೇಳುತ್ತದೆ: 'ಇ' ಯುರೋಪ್, 'ಯು' ಅಮೆರಿಕ, 'ಜೆ' ಜಪಾನ್, 'ಎ' ಏಷ್ಯಾ. ನಮ್ಮ ಕಡೆ ಇದು ಬಹಳ ಮುಖ್ಯ. ದುಬೈಯಿಂದ ಬಂದ ಡಿಸ್ಕ್, ಸಿಂಗಾಪುರದಿಂದ ಬಂದ ಡಿಸ್ಕ್, ಮಂಗಳೂರಿನಲ್ಲಿ ಕೊಂಡದ್ದು, ಎಲ್ಲವೂ ಒಂದೇ ಮನೆಯಲ್ಲಿ ಕಲೆತಿರುತ್ತವೆ. ಪಿಎಸ್‌ಪಿ ಆಟದ ಡಿಸ್ಕ್‌ಗೆ ಪ್ರದೇಶದ ಬೀಗವಿಲ್ಲ, ಯಾವ ದೇಶದ್ದೂ ಓಡುತ್ತದೆ. ಸೇವ್ ಮಾತ್ರ ಐಡಿ ನೋಡುತ್ತದೆ. ಯುರೋಪಿನ ಡಿಸ್ಕ್‌ನಲ್ಲಿ ಆಡಿದ ಸೇವ್ ಅಮೆರಿಕದ ಡಿಸ್ಕ್‌ಗೆ ಕಾಣುವುದೇ ಇಲ್ಲ. ಫೋಲ್ಡರಿನ ಹೆಸರು ತಿದ್ದಿದರೂ ಫಲವಿಲ್ಲ, ಯಾಕೆಂದರೆ ಆ ಹೆಸರು ಒಳಗಿನ ಫೈಲಿನಲ್ಲೂ ಬರೆದಿರುತ್ತದೆ.

ಫೋಲ್ಡರ್ ಒಳಗೆ 'ಪ್ಯಾರಮ್.ಎಸ್‌ಎಫ್‌ಒ' ಎಂಬ ಫೈಲ್, 'ಐಕಾನ್0.ಪಿಎನ್‌ಜಿ' ಎಂಬ ಪುಟ್ಟ ಚಿತ್ರ, ನಿಜವಾದ ಸೇವ್ ಇರುವ ಡೇಟಾ ಫೈಲ್ ಇರುತ್ತವೆ. ಪ್ಯಾರಮ್ ಫೈಲಿನಲ್ಲಿ ಡೇಟಾ ಫೈಲಿನ ತಾಳೆ ಸಂಖ್ಯೆ ಇದೆ. ಎರಡೂ ಒಟ್ಟಿಗೆ ಹುಟ್ಟಿದವು ಆಗಿದ್ದರೆ ಮಾತ್ರ ಆಟ ಒಪ್ಪುತ್ತದೆ. ಸೋಮವಾರದ ಬ್ಯಾಕಪ್‌ನ ಪ್ಯಾರಮ್, ಶುಕ್ರವಾರದ ಡೇಟಾ ಎಂದು ಬೆರೆಸಿದಿರೋ, 'ಡೇಟಾ ಕೆಟ್ಟಿದೆ' ಎಂಬ ಉತ್ತರ ಖಂಡಿತ. ಸೇವ್ ಮರಳಿಸುವಾಗ ಆಗುವ ಎಡವಟ್ಟುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಯೇ. ಕಂಪ್ಯೂಟರ್ 'ಇದೇ ಹೆಸರಿನ ಫೋಲ್ಡರ್ ಇದೆ, ಸೇರಿಸಲೇ' ಎಂದು ಕೇಳುತ್ತದೆ. ಹೌದು ಎಂದು ಒತ್ತಿ, ನಡುವೆ ಒಂದು ಫೈಲ್ ಬಿಟ್ಟುಹೋದರೆ ಅರ್ಧ ಹಳೆಯದು ಅರ್ಧ ಹೊಸದು ಆದ ಫೋಲ್ಡರ್ ಉಳಿಯುತ್ತದೆ. ಅಲ್ಲಿರುವುದನ್ನು ಮೊದಲು ಕಂಪ್ಯೂಟರಿಗೆ ಎತ್ತಿಟ್ಟು, ಸ್ಟಿಕ್‌ನಿಂದ ಇಡೀ ಫೋಲ್ಡರ್ ಅಳಿಸಿ, ಆಮೇಲೆ ಬ್ಯಾಕಪ್‌ನ ಇಡೀ ಫೋಲ್ಡರ್ ಹಾಕಿ. ಸೇರಿಸುವ ಗೊಡವೆಯೇ ಬೇಡ.

ಪ್ಲೇಸ್ಟೇಷನ್ 1ರ ಆಟಗಳಲ್ಲಿ ಈ ಫೋಲ್ಡರ್ ಒಳಗೆ ವಿಎಂಪಿ ಎಂಬ ಬಾಲದ ಎರಡು ಫೈಲುಗಳು ಸಿಗುತ್ತವೆ. ಅವು ಹಳೆಯ ಯಂತ್ರದ ಎರಡು ಮೆಮೊರಿ ಕಾರ್ಡ್‌ಗಳ ಬದಲಿಗೆ ಇರುವಂಥವು. ಎರಡನ್ನೂ ಫೋಲ್ಡರ್ ಸಮೇತ ಒಯ್ಯಿರಿ.

ಹೊಸ ಸ್ಟಿಕ್‌ಗೆ ತುಂಬಿಸುವ ಕ್ರಮ

1. ಹಳೆಯ ಸ್ಟಿಕ್‌ನಲ್ಲಿರುವ ಅಷ್ಟನ್ನೂ, ಅಡಗಿದ ಫೈಲುಗಳ ಸಮೇತ, ಕಂಪ್ಯೂಟರಿನ ಒಂದು ಫೋಲ್ಡರಿಗೆ ಕಾಪಿ ಮಾಡಿ. ಫೋಲ್ಡರಿಗೆ ತಾರೀಕಿನ ಹೆಸರಿಡಿ. ಸ್ಟಿಕ್ ಸರಿಯಾಗಿ ಓದದಿದ್ದರೆ ಅದರ ಹತ್ತು ಲೋಹದ ಪಟ್ಟಿಗಳನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿಕಡ್ಡಿಯಿಂದ ಒರೆಸಿ, ಒಣಗಿಸಿ, ಮತ್ತೆ ಹಾಕಿ. ಕಡಲ ಗಾಳಿ, ಆಟಿಯ ತೇವ ಎರಡೂ ಸೇರಿ ಆ ಪಟ್ಟಿಗಳ ಮೇಲೆ ಕಿಲುಬು ಹಿಡಿದಿರುತ್ತದೆ. ಎರೇಸರ್ ಉಜ್ಜುವ ರೂಢಿ ಇದೆ, ಅದರ ಪುಡಿ ಸ್ಲಾಟ್ ಒಳಗೆ ಹೋಗಿ ಕೂರುತ್ತದೆ, ಬೇಡ.

2. ಹೊಸ ಸ್ಟಿಕ್ ಹಾಕಿ. ಮೆಮೊರಿ ಸ್ಟಿಕ್ ಪ್ರೋ ಡ್ಯುಯೋ ಈಗ ಅಂಗಡಿಯಲ್ಲಿ ಸಿಗುವುದು ಕಷ್ಟ, ಸಿಕ್ಕಿದರೂ ನಕಲಿಯೇ ಜಾಸ್ತಿ. ಮೈಕ್ರೋಎಸ್‌ಡಿ ಕಾರ್ಡ್ ಕೂರಿಸುವ ಅಡಾಪ್ಟರ್ ಒಳ್ಳೆಯ ದಾರಿ. ಒಂದೇ ಕಾರ್ಡ್ ಹಿಡಿಯುವ ಅಡಾಪ್ಟರ್ ಕೊಳ್ಳಿ. ಎರಡು ಕಾರ್ಡಿನದು ಎರಡನ್ನೂ ಬೆಸೆದು ಒಂದೇ ಡ್ರೈವ್ ಎಂದು ತೋರಿಸುತ್ತದೆ. ಒಂದು ಕಾರ್ಡ್ ಕೆಟ್ಟರೆ ಎರಡರದ್ದೂ ಹೋದಂತೆ, ಒಂದನ್ನು ಮಾತ್ರ ರೀಡರಿಗೆ ಹಾಕಿ ಓದಲೂ ಆಗುವುದಿಲ್ಲ. ಸೇವ್ ಇಡುವ ಜಾಗಕ್ಕೆ ಅದು ತಕ್ಕದ್ದಲ್ಲ.

3. ಕಾರ್ಡ್ ಅಸಲಿಯೇ ಎಂದು ಪರೀಕ್ಷಿಸಿ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶಗಳು ಕಾರ್ಡ್ ಪೂರ್ತಿ ಬರೆದು ಮರಳಿ ಓದಿ ತಾಳೆ ನೋಡುತ್ತವೆ. ನಕಲಿ ಕಾರ್ಡ್ ಮೇಲೆ 64 ಜಿಬಿ ಎಂದಿದ್ದು ಒಳಗೆ 8 ಮಾತ್ರ ಇರಬಹುದು. ಮೊದಲ 8 ತುಂಬುವವರೆಗೆ ಎಲ್ಲ ಸರಿ ಇದ್ದು, ಆಮೇಲೆ ಹಾಕಿದ್ದೆಲ್ಲ ಮಾಯವಾಗುತ್ತದೆ.

4. ಫಾರ್ಮ್ಯಾಟ್ ಪಿಎಸ್‌ಪಿಯಲ್ಲೇ ಮಾಡಿ: ಸೆಟ್ಟಿಂಗ್ಸ್, ಸಿಸ್ಟಂ ಸೆಟ್ಟಿಂಗ್ಸ್, ಫಾರ್ಮ್ಯಾಟ್ ಮೆಮೊರಿ ಸ್ಟಿಕ್. 64 ಜಿಬಿ ಮತ್ತು ಮೇಲಿನ ಕಾರ್ಡ್‌ಗಳು ಅಂಗಡಿಯಿಂದ ಎಕ್ಸ್‌ಫ್ಯಾಟ್ ಎಂಬ ಫೈಲ್ ಜೋಡಣೆಯ ಪದ್ಧತಿಯಲ್ಲಿ ಬರುತ್ತವೆ, ಅದನ್ನು ಪಿಎಸ್‌ಪಿ ಓದುವುದಿಲ್ಲ. ಅದಕ್ಕೆ ಫ್ಯಾಟ್32 ಎಂಬ ಪದ್ಧತಿ ಬೇಕು. ಪಿಎಸ್‌ಪಿಯೇ ಫಾರ್ಮ್ಯಾಟ್ ಮಾಡಿದರೆ ಅದೂ ಸರಿಯಾಗುತ್ತದೆ, ಬೇಕಾದ ಫೋಲ್ಡರ್‌ಗಳೂ ಹುಟ್ಟುತ್ತವೆ. ಅದೇ ಪಟ್ಟಿಯಲ್ಲಿ 'ರಿಸ್ಟೋರ್ ಡಿಫಾಲ್ಟ್ ಸೆಟ್ಟಿಂಗ್ಸ್' ಎಂಬುದೂ ಇದೆ. ಅದು ಯಂತ್ರದ ಸೆಟ್ಟಿಂಗ್‌ಗಳನ್ನು ಅಳಿಸುವಂಥದ್ದು, ನಮ್ಮ ಕೆಲಸಕ್ಕೆ ಸಂಬಂಧವಿಲ್ಲ, ಮುಟ್ಟಬೇಡಿ.

5. ತಾರೀಕು, ಸಮಯ ಸರಿಮಾಡಿ. ಬ್ಯಾಟರಿ ತೆಗೆದಿಟ್ಟ ಪಿಎಸ್‌ಪಿಯ ಗಡಿಯಾರ ಹಿಂದಕ್ಕೆ ಹೋಗಿರುತ್ತದೆ. ಹಾಗೆಯೇ ಆಡಿ ಸೇವ್ ಮಾಡಿದರೆ ಹೊಸ ಸೇವ್‌ಗೆ ಹಳೆಯ ತಾರೀಕು ಬಿದ್ದು, ಯಾವುದು ಇತ್ತೀಚಿನದು ಎಂದು ನಿಮಗೂ ತಿಳಿಯದು.

6. ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಕನೆಕ್ಷನ್ ಆಯ್ಕೆ ಮಾಡಿ ಕೇಬಲ್ ಸಿಕ್ಕಿಸಿ, ಇಲ್ಲವೇ ಕಾರ್ಡನ್ನು ರೀಡರಿಗೆ ಹಾಕಿ. ಮೊದಲು ಫರ್ಮ್‌ವೇರ್‌ಗೆ ಬೇಕಾದ ಫೋಲ್ಡರ್‌ಗಳು, ಆಮೇಲೆ ಲೈಸೆನ್ಸ್, ಆಮೇಲೆ ಒಂದೇ ಒಂದು ಆಟ ಮತ್ತು ಅದರ ಸೇವ್.

7. ಡ್ರೈವನ್ನು ಇಜೆಕ್ಟ್ ಮಾಡಿ. ಪಿಎಸ್‌ಪಿಯ ಎಡಬದಿಯ ಕಿತ್ತಳೆ ದೀಪ ಮಿನುಗುವುದು ನಿಂತ ಮೇಲೆ ವೃತ್ತದ ಬಟನ್ ಒತ್ತಿ ಹೊರಗೆ ಬನ್ನಿ. ಆ ಒಂದು ಆಟ ತೆರೆದು ಸೇವ್ ಲೋಡ್ ಆಗುತ್ತದೋ ನೋಡಿ. ಆದರೆ ಉಳಿದದ್ದನ್ನೂ ಹಾಗೆಯೇ ತುಂಬಿಸಿ. ಮೂವತ್ತು ಜಿಬಿ ತುಂಬಿಸಿ ಮುಗಿಸಿದ ಮೇಲೆ ಫೋಲ್ಡರ್ ಜಾಗ ತಪ್ಪಿದೆ ಎಂದು ಗೊತ್ತಾಗುವುದಕ್ಕಿಂತ ಇದು ಎಷ್ಟೋ ವಾಸಿ.

ಕೆಲವು ಆಟಗಳ 'ಡೇಟಾ ಇನ್‌ಸ್ಟಾಲ್' ಫೈಲುಗಳು ಗೇಮ್ ಫೋಲ್ಡರಿನಲ್ಲಿ ನೂರಾರು ಎಂಬಿ ತಿನ್ನುತ್ತವೆ. ಅವು ಡಿಸ್ಕ್‌ನದ್ದೇ ಪ್ರತಿ, ಆಟದೊಳಗಿಂದ ಮತ್ತೆ ಮಾಡಿಕೊಳ್ಳಬಹುದು. ಆದರೆ ಇಳಿಸಿಕೊಂಡ ಹೆಚ್ಚುವರಿ ಕಂಟೆಂಟ್ ಹಾಗಲ್ಲ. ಹೆಚ್ಚುವರಿ ಪಾತ್ರವೋ ಆಯುಧವೋ ಇದ್ದ ಸೇವ್, ಆ ಕಂಟೆಂಟ್ ಇಲ್ಲದಿದ್ದರೆ ತೆರೆಯಲು ತಕರಾರು ಮಾಡಬಹುದು. ಅದನ್ನು ಸೇವ್‌ಗಿಂತ ಮೊದಲೇ ಹಾಕಿರಿ.

ಸೇವ್ ಕಾಣದಿದ್ದರೆ, ಆಟ ತೆರೆಯದಿದ್ದರೆ

ಮೊದಲು ಗೇಮ್ ಮೆನುವಿನ 'ಸೇವ್ಡ್ ಡೇಟಾ ಯುಟಿಲಿಟಿ' ತೆರೆಯಿರಿ. ಸೇವ್ ಅಲ್ಲಿ ಚಿತ್ರ, ಹೆಸರು ಸಮೇತ ಕಂಡರೆ ಫೋಲ್ಡರ್ ಜಾಗ ಸರಿ ಇದೆ ಎಂದರ್ಥ. ಅಲ್ಲಿ ಕಂಡೂ ಆಟದೊಳಗೆ ಕಾಣದಿದ್ದರೆ ಐಡಿ ಹೊಂದುತ್ತಿಲ್ಲ. ಇದಕ್ಕೆ ತರ್ಕ ಮಾಡುತ್ತ ಕೂರಬೇಕಿಲ್ಲ. ಆಟವನ್ನು ಹೊಸದಾಗಿ ಶುರುಮಾಡಿ, ಬಳಸದ ಸ್ಲಾಟ್‌ನಲ್ಲಿ ಒಮ್ಮೆ ಸೇವ್ ಮಾಡಿ, ಸೇವ್‌ಡೇಟಾದಲ್ಲಿ ಯಾವ ಹೆಸರಿನ ಫೋಲ್ಡರ್ ಹುಟ್ಟಿತು ನೋಡಿ. ಹಳೆಯದರ ಮೊದಲ ಒಂಬತ್ತು ಅಕ್ಷರ ಇದಕ್ಕಿಂತ ಬೇರೆ ಇದ್ದರೆ ನಿಮ್ಮ ಕೈಯಲ್ಲಿರುವುದು ಬೇರೆ ಪ್ರದೇಶದ ಆಟ, ಅಥವಾ ಡಿಸ್ಕ್ ಬದಲು ಸ್ಟೋರ್‌ನ ಆವೃತ್ತಿ.

ಯುಟಿಲಿಟಿಯಲ್ಲೂ ಕಾಣದಿದ್ದರೆ ಫೋಲ್ಡರಿನೊಳಗೆ ಫೋಲ್ಡರ್ ಸೇರಿಕೊಂಡಿರುವ ಸಂಭವ ಹೆಚ್ಚು. ಜಿಪ್ ಬಿಡಿಸುವಾಗ ಕಂಪ್ಯೂಟರ್ ಅದೇ ಹೆಸರಿನ ಇನ್ನೊಂದು ಫೋಲ್ಡರ್ ಸುತ್ತಿಬಿಡುತ್ತದೆ. ಐಡಿಯ ಹೆಸರಿನ ಫೋಲ್ಡರ್ ತೆರೆದ ಕೂಡಲೇ ಪ್ಯಾರಮ್ ಫೈಲ್ ಕಾಣಬೇಕು, ನಡುವೆ ಏನೂ ಇರಬಾರದು. ಹೆಸರಿನ ಕೊನೆಗೆ 'ಕಾಪಿ' ಎಂದು ಅಂಟಿದ್ದರೂ ಆಟಕ್ಕೆ ಅದು ಸಿಗುವುದಿಲ್ಲ.

ಮ್ಯಾಕ್ ಕಂಪ್ಯೂಟರಿನಿಂದ ಕಾಪಿ ಮಾಡಿದವರಿಗೆ ಪ್ರತಿ ಆಟದ ಜೊತೆ 'ಕರಪ್ಟೆಡ್ ಡೇಟಾ' ಎಂಬ ಇನ್ನೊಂದು ಐಕಾನ್ ಕಾಣಬಹುದು. ಮ್ಯಾಕ್ ಪ್ರತಿ ಫೈಲಿಗೂ ಚುಕ್ಕಿ ಮತ್ತು ಅಡಿಗೆರೆಯಿಂದ ಶುರುವಾಗುವ ಸಣ್ಣ ಫೈಲ್ ಸೇರಿಸುತ್ತದೆ, ಅದನ್ನೇ ಪಿಎಸ್‌ಪಿ ಆಟ ಎಂದು ತಿಳಿಯುತ್ತದೆ. ಆ ಪುಟ್ಟ ಫೈಲುಗಳನ್ನು ಮಾತ್ರ ಅಳಿಸಿ, ನಿಜವಾದ ಆಟಕ್ಕೆ ಏನೂ ಆಗಿಲ್ಲ.

80020148 ಎಂಬ ಸಂಖ್ಯೆ ತೋರಿಸಿ ಆಟ ನಿಂತರೆ ಹೆಚ್ಚಾಗಿ ಕಸ್ಟಮ್ ಫರ್ಮ್‌ವೇರ್ ಎದ್ದಿಲ್ಲ. 3000 ಮಾಡೆಲ್‌ನಲ್ಲಿ ಬ್ಯಾಟರಿ ತೆಗೆದರೆ ಅಥವಾ ಸ್ವಿಚ್ ಒತ್ತಿ ಹಿಡಿದು ಪೂರ್ತಿ ಆರಿಸಿದರೆ ಅದು ಇಳಿದುಹೋಗುತ್ತದೆ. ಫಾಸ್ಟ್ ರಿಕವರಿಯನ್ನು ಮತ್ತೊಮ್ಮೆ ಓಡಿಸಿ. ಸಿಸ್ಟಂ ಇನ್ಫರ್ಮೇಷನ್‌ನಲ್ಲಿ 6.60 ಅಥವಾ 6.61ರ ಪಕ್ಕ ಫರ್ಮ್‌ವೇರ್ ಹೆಸರು ಕಂಡರೆ ಎದ್ದಿದೆ ಎಂದು ತಿಳಿಯಿರಿ.

ಕೊಂಡ ಆಟ ಪರವಾನಗಿ ಕೇಳುತ್ತ ನಿಂತರೆ ಆ ಯಂತ್ರ ನಿಮ್ಮ ಖಾತೆಗೆ ಆಕ್ಟಿವೇಟ್ ಆಗಿರಬೇಕು. ಆಕ್ಟಿವೇಟ್ ಮಾಡಲು ನೆಟ್ ಬೇಕು. ಮನೆಯ ಹೊಸ ವೈಫೈಗೆ ಪಿಎಸ್‌ಪಿ ಸೇರದಿರುವುದಕ್ಕೂ ಕಾರಣವಿದೆ. ಅದು 802.11ಬಿ ಎಂಬ ಹಳೆಯ ವೈಫೈ ಮಾತ್ರ ಬಲ್ಲದು, ಡಬ್ಲ್ಯೂಪಿಎ2 ಎಂಬ ವೈಫೈ ಭದ್ರತೆ ಅದಕ್ಕೆ ಬರುವುದಿಲ್ಲ. ರೂಟರಿನಲ್ಲಿ ಹಳೆಯ ಡಬ್ಲ್ಯೂಪಿಎ ಕೂಡ ಒಪ್ಪುವ ಮಿಶ್ರ ಕ್ರಮ ಇದ್ದರೆ ಕೆಲಸ ಮುಗಿಯುವವರೆಗೆ ಅದನ್ನು ಹಾಕಿ, ಆಮೇಲೆ ಮೊದಲಿನಂತೆ ಮಾಡಿ. ಪಿಎಸ್3 ಇರುವ ಮನೆಯಾದರೆ ಅದರಲ್ಲಿ ಆಟ ಇಳಿಸಿಕೊಂಡು ಕೇಬಲ್ ಮೂಲಕ ಪಿಎಸ್‌ಪಿಗೆ ಕಾಪಿ ಮಾಡುವುದು ಸುಲಭ.

ಸೇವ್ ಕೆಟ್ಟಿದೆಯೋ, ಯಂತ್ರ ಕೆಟ್ಟಿದೆಯೋ

ಪಿಎಸ್‌ಪಿ ಆಟಗಳನ್ನು ಆಂಡ್ರಾಯ್ಡ್ ಫೋನಿನಲ್ಲೇ ಓಡಿಸುವ ಪಿಪಿಎಸ್‌ಎಸ್‌ಪಿಪಿ ಆ್ಯಪ್ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಅದೂ ಇದೇ ಪಿಎಸ್‌ಪಿ, ಸೇವ್‌ಡೇಟಾ ಎಂಬ ಫೋಲ್ಡರ್ ಕ್ರಮ ಬಳಸುತ್ತದೆ. ಸೇವ್ ಫೋಲ್ಡರನ್ನು ಅದರ ಸೇವ್‌ಡೇಟಾಗೆ ಹಾಕಿ, ಅದೇ ಐಡಿಯ ನಿಮ್ಮ ಡಿಸ್ಕ್‌ನ ಪ್ರತಿಯಲ್ಲಿ ತೆರೆಯಿರಿ. ಅಲ್ಲಿ ಲೋಡ್ ಆದರೆ ಸೇವ್ ಗಟ್ಟಿ ಇದೆ, ದೋಷ ಸ್ಟಿಕ್‌ನದ್ದೋ ಸ್ಲಾಟ್‌ನದ್ದೋ ಆಗಿರಬೇಕು. ಫೋನಿನಲ್ಲಿ ಮುಂದುವರಿಸಿ ಆಡಿದ ಸೇವ್ ಕೂಡ ಪಿಎಸ್‌ಪಿಗೆ ಮರಳಿ ಬರುತ್ತದೆ. ಆದರೆ ಆಟದೊಳಗಿನ ಸೇವ್ ಮೆನುವಿನಿಂದ ಮಾಡಿದ್ದು ಮಾತ್ರ. ಆ್ಯಪ್‌ನ 'ಸೇವ್ ಸ್ಟೇಟ್' ಬೇರೆಯೇ ಫೈಲ್, ನಿಜವಾದ ಪಿಎಸ್‌ಪಿಗೆ ಅದು ಅರ್ಥವಾಗುವುದಿಲ್ಲ.

ಒಂದೊಂದು ಸೇವ್ ಹೆಚ್ಚಾಗಿ ಒಂದು ಎಂಬಿಯ ಒಳಗೇ ಇರುತ್ತದೆ. ಇಡೀ ಸೇವ್‌ಡೇಟಾ ಫೋಲ್ಡರನ್ನು ಜಿಪ್ ಮಾಡಿ, ಮೇಲ್‌ನಲ್ಲಿ ಅಥವಾ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ನಿಮಗೇ ಕಳುಹಿಸಿಕೊಳ್ಳಿ. ಲ್ಯಾಪ್‌ಟಾಪ್‌ಗೆ ಸಿಡಿಲು ಬಡಿದರೂ ಒಂದು ಪ್ರತಿ ಉಳಿಯುತ್ತದೆ.

ಅಳಿಸಿಹೋದ ಸೇವ್

ತಪ್ಪಿ ಅಳಿಸಿದ್ದು ಗೊತ್ತಾದ ಕ್ಷಣ ಸ್ಟಿಕ್ ಹೊರಗೆ ತೆಗೆಯಿರಿ. ಆಟ ಆಡುವುದು, ಹಾಡು ತುಂಬಿಸುವುದು ಯಾವುದೂ ಬೇಡ. ಅಳಿಸಿದ ಫೈಲಿನ ಜಾಗದ ಮೇಲೆ ಹೊಸದೇನಾದರೂ ಬರೆದರೆ ಅಲ್ಲಿಗೆ ಮುಗಿಯಿತು. ಕಾರ್ಡ್ ರೀಡರಿನಲ್ಲಿ ಹಾಕಿ, ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶದ ಅನ್‌ಡಿಲೀಟ್ ಆಯ್ಕೆಯಿಂದ ಹುಡುಕಿ. ಅಳಿಸಿದವು ಕೆಂಪಾಗಿ ಕಾಣುತ್ತವೆ. ಸಿಕ್ಕಿದ್ದನ್ನು ಕಂಪ್ಯೂಟರಿಗೆ ಕಾಪಿ ಮಾಡಿ, ಅದೇ ಸ್ಟಿಕ್‌ಗೆ ಬರೆಯಬೇಡಿ. ಇದೇ ಕುಟುಂಬದ ಫೋಟೊರೆಕ್ ಚಿತ್ರಗಳಿಗೆ ಒಳ್ಳೆಯದು, ಆದರೆ ಅದು ಫೈಲ್ ಮತ್ತು ಫೋಲ್ಡರಿನ ಮೂಲ ಹೆಸರುಗಳನ್ನು ಉಳಿಸುವುದಿಲ್ಲ, ಸೇವ್‌ಗೆ ಅದರಿಂದ ಪ್ರಯೋಜನವಿಲ್ಲ.

ಮರಳಿ ಸಿಕ್ಕ ಫೈಲುಗಳ ಹೆಸರಿನಲ್ಲಿ ಮೊದಲ ಅಕ್ಷರ ಹೋಗಿ ಅಡಿಗೆರೆ ಬಂದಿರಬಹುದು. ಫ್ಯಾಟ್ ಪದ್ಧತಿಯಲ್ಲಿ ಫೈಲ್ ಅಳಿಸುವುದೆಂದರೆ ಹೆಸರಿನ ಮೊದಲಕ್ಷರದ ಜಾಗದಲ್ಲಿ ಒಂದು ಗುರುತು ಹಾಕುವುದು, ಅದಕ್ಕೇ ಹೀಗೆ. 'ಪ್ಯಾರಮ್'ನ ಮೊದಲ 'ಪಿ', 'ಐಕಾನ್0'ರ ಮೊದಲ 'ಐ' ಇವುಗಳನ್ನು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಮತ್ತೆ ಬರೆಯಿರಿ. ಡೇಟಾ ಫೈಲಿನ ಹೆಸರು ಆಟದಿಂದ ಆಟಕ್ಕೆ ಬೇರೆ. ಅದೇ ಆಟದ ಹೊಸ ಸೇವ್ ಒಂದನ್ನು ಬೇರೆ ಕಾರ್ಡಿನಲ್ಲಿ ಮಾಡಿ, ಅದರಲ್ಲಿರುವ ಹೆಸರು ನೋಡಿ ಹಾಗೆಯೇ ಇಡಿ. ಫೋಲ್ಡರಿನ ಹೆಸರೂ ಹಾಳಾಗಿದ್ದರೆ ಅದನ್ನೂ ಹೀಗೆಯೇ ಸರಿಮಾಡಬಹುದು. ಎಲ್ಲ ಜೋಡಿಸಿ ಹೊಸ ಕಾರ್ಡಿಗೆ ಹಾಕಿ ಆಟದಲ್ಲಿ ಲೋಡ್ ಮಾಡಿ. ಲೋಡ್ ಆದ ಕೂಡಲೇ ಆಟದೊಳಗಿಂದಲೇ ಇನ್ನೊಂದು ಸ್ಲಾಟ್‌ಗೆ ಸೇವ್ ಮಾಡಿ, ಆ ಹೊಸ ಸೇವನ್ನು ಮೊದಲು ಕಂಪ್ಯೂಟರಿಗೆ ಎತ್ತಿಟ್ಟು ಆಮೇಲೆ ಆಟ ಮುಂದುವರಿಸಿ.